ಮಕ್ಕಳ ಜೊತೆ ಶ್ರೀಹರಿಕೋಟಾದಲ್ಲಿ ರಾಕೆಟ್ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

2023ರ ಜುಲೈ 14, ಶುಕ್ರವಾರ. ಚಂದ್ರಯಾನ-3 ಹೊರಟ ದಿನ. ಅವತ್ತು ನಾವು ಐದು ಜನ ಶ್ರೀಹರಿಕೋಟಾದಲ್ಲಿದ್ದೆವು. ನಾನು, ನಮ್ಮ ಯಜಮಾನರು, ಅತ್ತೆ, ಐದನೇ ಕ್ಲಾಸಿನ ಮಗಳು, ಯುಕೆಜಿಯ ಮಗ. ತುಮಕೂರಿಗೆ ವಾಪಸ್ ಬಂದ ಮೇಲೆ ಶುರುವಾದ ಪ್ರಶ್ನೆಗಳು ಇವತ್ತಿಗೂ ನಿಂತಿಲ್ಲ. ನಾದಿನಿ ಕೇಳಿದಳು, ಶಾಲೆ ಗೇಟಿನ ಹತ್ತಿರ ಬೇರೆ ಅಮ್ಮಂದಿರು ಕೇಳಿದರು, ಮದುವೆ ಮನೆಯಲ್ಲಿ ಊಟಕ್ಕೆ ಪಕ್ಕ ಕೂತವರೂ ಕೇಳಿದರು. ಎಲ್ಲರಿಗೂ ಅದದೇ ಉತ್ತರ ಹೇಳಿ ಬಾಯಿ ನೋವು ಬಂತು. ಹಾಗಾಗಿ ಒಂದೇ ಸಲ ಬರೆದಿಡುತ್ತಿದ್ದೇನೆ.

ನಮ್ಮಂಥವರನ್ನೂ ಒಳಗೆ ಬಿಡುತ್ತಾರಾ? ಇಸ್ರೋದಲ್ಲಿ ಯಾರಾದರೂ ಗೊತ್ತಿರಬೇಕಾ?

ಬಿಡುತ್ತಾರೆ. ಯಾರೂ ಗೊತ್ತಿರಬೇಕಿಲ್ಲ. ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರದಲ್ಲಿ ಜನರಿಗಾಗಿಯೇ ಒಂದು ಗ್ಯಾಲರಿ ಕಟ್ಟಿದ್ದಾರೆ. ಲಾಂಚ್ ವ್ಯೂ ಗ್ಯಾಲರಿ ಅಂತಾರೆ. ಸುಮಾರು 5000 ಜನ ಕೂರಬಹುದು. ಕ್ರೀಡಾಂಗಣದ ಮೆಟ್ಟಿಲುಗಳ ಹಾಗಿದೆ, ದೊಡ್ಡ ಪರದೆಗಳಿವೆ. 2019ರ ಏಪ್ರಿಲ್ 1ರಂದು ಪಿಎಸ್‌ಎಲ್‌ವಿ-ಸಿ45 ರಾಕೆಟ್ ಹಾರಿದಾಗ ಮೊದಲ ಸಲ ಜನ ಅಲ್ಲಿ ಕೂತು ನೋಡಿದರು.

ಹೆಸರು ನೋಂದಾಯಿಸಬೇಕು. ಶ್ರೀಹರಿಕೋಟಾ ಕೇಂದ್ರದ ವೆಬ್‌ಸೈಟಿನಲ್ಲಿ ಉಡಾವಣೆಗೆ ಕೆಲವು ದಿನ ಮುಂಚೆ ನೋಂದಣಿ ತೆರೆಯುತ್ತಾರೆ. ದುಡ್ಡಿಲ್ಲ, ಆದರೆ ಪುರುಸೊತ್ತೂ ಇಲ್ಲ. ಚಂದ್ರಯಾನದಂಥದ್ದಾದರೆ ಹಬ್ಬದ ರೈಲು ಟಿಕೆಟ್ಟಿನ ಹಾಗೆ ಖಾಲಿಯಾಗುತ್ತದೆ. ಮನೆಯವರೆಲ್ಲರ ಆಧಾರ್ ನಂಬರ್ ಮೊದಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಕೂರಿ. ನಾನು ಅತ್ತೆಯ ಕಾರ್ಡ್ ಹುಡುಕಲು ಬೀರು ತೆರೆದೆ, ಅಷ್ಟರಲ್ಲಿ ಪುಟ ಸ್ಥಗಿತವಾಯಿತು. ಮೂರನೇ ಪ್ರಯತ್ನಕ್ಕೆ ಸಿಕ್ಕಿತು. ಹೋಗುವಾಗ ಎಲ್ಲರದ್ದೂ ಮೂಲ ಗುರುತಿನ ಚೀಟಿ ಇರಲಿ. ಎಲ್ಲ ಉಡಾವಣೆಗೂ ಗ್ಯಾಲರಿ ತೆರೆದೇ ತೆರೆಯುತ್ತಾರೆ ಅಂದುಕೊಂಡು ಲಾಡ್ಜ್ ಬುಕ್ ಮಾಡಬೇಡಿ. ಮೊದಲು ಪ್ರಕಟಣೆ ನೋಡಿ.

ಎಲ್ಲಿದೆ ಅದು? ಕಾರಲ್ಲಿ ಹೋಗಬಹುದಾ?

ಆಂಧ್ರದ ಈಗಿನ ತಿರುಪತಿ ಜಿಲ್ಲೆಯಲ್ಲಿದೆ. ಒಂದು ಕಡೆ ಪುಲಿಕಾಟ್ ಸರೋವರ, ಇನ್ನೊಂದು ಕಡೆ ಬಂಗಾಳ ಕೊಲ್ಲಿ, ನಡುವೆ ಉದ್ದಕ್ಕೆ ಮಲಗಿದ ದ್ವೀಪ. ಹತ್ತಿರದ ಪಟ್ಟಣ ಸೂಳ್ಳೂರುಪೇಟೆ. ಅಲ್ಲಿಂದ ಸರೋವರದ ನಡುವೆ ಹಾದುಹೋಗುವ ರಸ್ತೆಯಲ್ಲಿ ಸುಮಾರು 18 ಕಿಲೋಮೀಟರ್.

ನಾವು ಕೋಲಾರ, ಮುಳಬಾಗಿಲು, ಪಲಮನೇರು, ಚಿತ್ತೂರು ಮೇಲೆ ತಿರುಪತಿಗೆ ಹೋಗಿ, ಅಲ್ಲಿಂದ ಕಾಳಹಸ್ತಿ, ನಾಯ್ಡುಪೇಟೆ ದಾಟಿ ಸೂಳ್ಳೂರುಪೇಟೆ ಸೇರಿದೆವು. ರೈಲಾದರೆ ಚೆನ್ನೈಗೆ ಹೋಗಿ, ಅಲ್ಲಿಂದ ಸೂಳ್ಳೂರುಪೇಟೆಗೆ ಲೋಕಲ್ ಹಿಡಿಯಬಹುದು. ಚಿಕ್ಕ ಮಕ್ಕಳಿದ್ದರೆ ಕಾರೇ ವಾಸಿ. ಬಟ್ಟೆ, ನೀರು, ನಿದ್ದೆ ಎಲ್ಲ ಕಾರಿನಲ್ಲೇ ಆಗುತ್ತದೆ.

ತಿರುಪತಿ ದರ್ಶನದ ಜೊತೆ ಸೇರಿಸಬಹುದಾ?

ಕನ್ನಡದವರೆಲ್ಲ ಇದನ್ನು ಕೇಳೇ ಕೇಳುತ್ತಾರೆ. ಸೇರಿಸಬಹುದು, ನಾವೂ ಸೇರಿಸಿದೆವು. ನಿಜ ಹೇಳಬೇಕಂದರೆ ಅತ್ತೆ ಹೊರಟಿದ್ದೇ ತಿರುಪತಿಗೆ. ರಾಕೆಟ್ ಅವರಿಗೆ ದಾರಿಯಲ್ಲಿ ಸಿಕ್ಕಿದ್ದು. 'ಸೋಮವಾರ ಭೀಮನ ಅಮಾವಾಸ್ಯೆ, ಅಷ್ಟರೊಳಗೆ ಮನೆ ಸೇರಬೇಕು' ಅನ್ನುವುದು ಅವರ ಒಂದೇ ಷರತ್ತು.

ಆದರೆ ಒಂದು ತಪ್ಪು ಮಾಡಿದೆವು. ಹಿಂದಿನ ದಿನ ಮಗನ ಮುಡಿ ಕೊಟ್ಟೆವು. ಮಾರನೇ ದಿನ ಜುಲೈ ತಿಂಗಳ ಆಂಧ್ರದ ಬಿಸಿಲಲ್ಲಿ, ಹೊಸಾ ಬೋಳು ತಲೆ ಹೊತ್ತು, ಮಟಮಟ ಮಧ್ಯಾಹ್ನ ಕೂತಿದ್ದ ಪಾಪ. ಟೋಪಿ ಕಾರಲ್ಲೇ ಉಳಿದಿತ್ತು. ಕೊನೆಗೆ ಅತ್ತೆ ತಮ್ಮ ಸೆರಗನ್ನೇ ತಲೆ ಮೇಲೆ ಹೊದಿಸಿ ಕೂರಿಸಿಕೊಂಡರು. ಮುಡಿ ಕೊಡುವುದಿದ್ದರೆ ರಾಕೆಟ್ ನೋಡಿ ಬರುವಾಗ ಕೊಡಿ. ವೆಂಕಟರಮಣ ಒಂದು ದಿನ ಕಾಯುತ್ತಾನೆ.

ಸೂಳ್ಳೂರುಪೇಟೆಯಲ್ಲಿ ಚೆಂಗಾಳಮ್ಮನ ಗುಡಿ ಇದೆ. ಅದರ ಬಾಗಿಲು ಮುಚ್ಚುವುದೇ ಇಲ್ಲ ಅಂತ ಪ್ರತೀತಿ. ಉಡಾವಣೆಗೆ ಮುಂಚೆ ಇಸ್ರೋ ಅಧ್ಯಕ್ಷರು ಅಲ್ಲಿಗೆ ಹೋಗಿ ಬರುವುದುಂಟು. ಅದು ಗೊತ್ತಾದ ಮೇಲೆ ಅತ್ತೆಗೆ ವಿಜ್ಞಾನಿಗಳ ಮೇಲೆ ಗೌರವ ಜಾಸ್ತಿಯಾಯಿತು. ಚಳಿಗಾಲದಲ್ಲಿ ಹೋದರೆ ಪುಲಿಕಾಟ್‌ನಲ್ಲಿ ರಾಜಹಂಸಗಳು ಸಿಗುತ್ತವೆ. ನೇಲಪಟ್ಟು ಪಕ್ಷಿಧಾಮವೂ ಹತ್ತಿರ.

ಎಷ್ಟು ವಯಸ್ಸಿನ ಮಕ್ಕಳನ್ನು ಕರೆದುಕೊಂಡು ಹೋಗಬಹುದು?

ಎಂಟು ವರ್ಷದ ಮೇಲಿನವರಾದರೆ ಕಣ್ಣು ಮುಚ್ಚಿ ಹೇಳುತ್ತೇನೆ, ಕರೆದುಕೊಂಡು ಹೋಗಿ. ಐದು ವರ್ಷದವರು ನೋಡುತ್ತಾರೆ, ಕುಣಿಯುತ್ತಾರೆ, ಆದರೆ ಅದಕ್ಕೆ ಮುಂಚಿನ ನಾಲ್ಕು ಗಂಟೆ ನಿಮ್ಮನ್ನು ಹಿಂಡುತ್ತಾರೆ. ಅದಕ್ಕಿಂತ ಚಿಕ್ಕವರನ್ನು ಅಜ್ಜಿ ಮನೆಯಲ್ಲಿ ಬಿಡುವುದು ಒಳ್ಳೆಯದು. 'ದೊಡ್ಡವನಾದ ಮೇಲೆ ನೀನೂ ನೋಡಿದ್ದೆ ಅಂತ ಹೇಳಬಹುದಲ್ವಾ' ಅಂತ ನಾದಿನಿ ವಾದ. ಹೇಳಬಹುದು. ಆದರೆ ಆ ಮಾತಿಗೋಸ್ಕರ ಒಂದೂವರೆ ವರ್ಷದ ಕೂಸನ್ನು ಸೆಕೆಯಲ್ಲಿ ಬೇಯಿಸಬೇಕಾ?

ಹೊರಡುವ ಮುಂಚೆ ಮಕ್ಕಳಿಗೆ ಏನು ಹೇಳಬೇಕು?

ಪಾಠ ಬೇಡ, ಕಥೆ ಸಾಕು. ನಾನು ಆರ್ಯಭಟದಿಂದ ಶುರು ಮಾಡಿದೆ. ಭಾರತದ ಮೊದಲ ಉಪಗ್ರಹ, 360 ಕೆಜಿ, 1975ರ ಏಪ್ರಿಲ್ 19ರಂದು ಸೋವಿಯತ್ ರಷ್ಯಾದ ನೆಲದಿಂದ ಹಾರಿತು. ಆದರೆ ಕಟ್ಟಿದ್ದು ನಮ್ಮ ಪೀಣ್ಯದಲ್ಲಿ, ಕೈಗಾರಿಕಾ ಶೆಡ್ಡುಗಳಲ್ಲಿ. ಆ ತಂಡ ನಡೆಸಿದವರು ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್. ಜಾಗ ಸಾಲದೆ ಬೆಂಗಳೂರಿನಲ್ಲಿ ಒಂದು ಟಾಯ್ಲೆಟ್ಟನ್ನೇ ಉಪಗ್ರಹದ ಮಾಹಿತಿ ಪಡೆಯುವ ಕೋಣೆ ಮಾಡಿಕೊಂಡಿದ್ದರಂತೆ. ಈ ಕಥೆ ಕೇಳಿ ನನ್ನ ಮಗ ನಕ್ಕ ನಗು! ಮುಳಬಾಗಿಲಿನವರೆಗೂ ಅದೇ. ಪೀಣ್ಯ ದಾಟುವಾಗ 'ಆ ಟಾಯ್ಲೆಟ್ ಎಲ್ಲಿ?' ಅಂತ ಕಿಟಕಿಯಿಂದ ಇಣುಕಿದ. ಟ್ರಾಫಿಕ್ ಜಾಮಿನಲ್ಲೂ ಪೀಣ್ಯದ ಮೇಲೆ ಪ್ರೀತಿ ಬಂದದ್ದು ಅವತ್ತೊಂದೇ ದಿನ.

ಇಸ್ರೋ ಕೇಂದ್ರ ಕಚೇರಿ ಬೆಂಗಳೂರಲ್ಲಿದ್ದೂ ರಾಕೆಟ್ ಯಾಕೆ ಅಲ್ಲಿಂದ ಹಾರಿಸುತ್ತಾರೆ?

ಮಗಳೂ ಇದನ್ನೇ ಕೇಳಿದಳು, 'ಕಾರವಾರದಲ್ಲಿ ಸಮುದ್ರ ಇಲ್ವಾ?' ಅಂತ. ಇದೆ, ಆದರೆ ಪಶ್ಚಿಮಕ್ಕಿದೆ. ಭೂಮಿ ಪೂರ್ವಕ್ಕೆ ತಿರುಗುತ್ತದೆ. ಪೂರ್ವಕ್ಕೆ ಹಾರಿಸಿದರೆ ಆ ತಿರುಗುವಿಕೆಯ ವೇಗ ರಾಕೆಟ್ಟಿಗೆ ಪುಕ್ಕಟೆ ಸಿಗುತ್ತದೆ. ಶ್ರೀಹರಿಕೋಟಾದ ಹತ್ತಿರ ಅದು ಸೆಕೆಂಡಿಗೆ ಸುಮಾರು 450 ಮೀಟರ್. ಕಾರವಾರದಿಂದ ಪೂರ್ವಕ್ಕೆ ಹಾರಿಸಿದರೆ ಉರಿದು ಕಳಚಿದ ಭಾಗಗಳು ಹುಬ್ಬಳ್ಳಿ, ಬಳ್ಳಾರಿ ಕಡೆ ಬಿದ್ದಾವು. ಶ್ರೀಹರಿಕೋಟಾದಿಂದಾದರೆ ಮುಂದೆ ಬರೀ ನೀರು.

ಹಗಲಲ್ಲಿ ಚಂದ್ರನೇ ಕಾಣಲ್ಲ, ಮತ್ತೆ ರಾಕೆಟ್ ಎಲ್ಲಿಗೆ ಹೋಗುತ್ತೆ?

ಇದೂ ಮಗಳದ್ದೇ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಕಾಲೇಜು ಹುಡುಗ ಹೇಳಿಕೊಟ್ಟ. ಓಡುತ್ತಿರುವವರಿಗೆ ಚೆಂಡು ಎಸೆಯುವಾಗ ಸ್ವಲ್ಪ ಮುಂದಕ್ಕೆ ಎಸೆಯುತ್ತೇವಲ್ಲ, ಹಾಗೆ. ಚಂದ್ರ ಇವತ್ತು ಎಲ್ಲಿದ್ದಾನೆ ಅನ್ನುವುದಲ್ಲ, ನೌಕೆ ತಲುಪುವ ದಿನ ಎಲ್ಲಿರುತ್ತಾನೆ ಅನ್ನುವುದು ಲೆಕ್ಕ. ಚಂದ್ರಯಾನ-3 ಮೊದಲು ಭೂಮಿಯನ್ನೇ ದೊಡ್ಡ ದೊಡ್ಡ ಸುತ್ತು ಹಾಕಿ, ಆಗಸ್ಟ್ 1ಕ್ಕೆ ಚಂದ್ರನ ದಾರಿ ಹಿಡಿದು, ಆಗಸ್ಟ್ 5ಕ್ಕೆ ಚಂದ್ರನ ಕಕ್ಷೆ ಸೇರಿತು.

'ಯಾವಾಗ ವಾಪಸ್ ಬರುತ್ತೆ?' ಅಂತ ಚಿಕ್ಕವನು ಕೇಳಿದ. ಬರಲ್ಲ ಕಂದ ಅಂದೆ. ಅವನ ಮುಖ ಸಪ್ಪೆಯಾಯಿತು. ಅದಕ್ಕೆ ತಯಾರಾಗಿ ಹೋಗಿರಲಿಲ್ಲ ನಾನು.

ಎಷ್ಟು ಹೊತ್ತು ಕಾಣುತ್ತೆ?

ಆಕಾಶ ಚೆನ್ನಾಗಿದ್ದರೆ ಎರಡು ನಿಮಿಷ, ಇನ್ನೂ ಸ್ವಲ್ಪ ಜಾಸ್ತಿ. ಮೋಡ ಇದ್ದರೆ ಅರ್ಧ ನಿಮಿಷಕ್ಕೇ ಮುಗಿಯಬಹುದು. ಎರಡು ನಿಮಿಷಕ್ಕೆ ಮೂರು ದಿನದ ಪ್ರಯಾಣವಾ ಅಂತ ಭಾವ ಈಗಲೂ ರೇಗಿಸುತ್ತಾರೆ. ಆ ಎರಡು ನಿಮಿಷ ಹೇಗಿರುತ್ತೆ ಅಂತ ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ.

2 ಗಂಟೆ 35 ನಿಮಿಷ. ಹಿಂದಿನ ದಿನದಿಂದ 25 ಗಂಟೆ 30 ನಿಮಿಷ ಎಣಿಸಿಕೊಂಡು ಬಂದದ್ದು ಹತ್ತಕ್ಕೆ ಇಳಿಯಿತು. ಅಷ್ಟು ಜನರೂ ಒಟ್ಟಿಗೆ ಎಣಿಸಿದರು, ನಾವು ಕನ್ನಡದಲ್ಲಿ. ಸೊನ್ನೆ ಅಂದಾಗ ದೂರದಲ್ಲಿ ಒಂದು ಬೆಳಕು ಹೊತ್ತಿತು. ಸದ್ದೇ ಇಲ್ಲ! 640 ಟನ್ ತೂಕದ, 43.5 ಮೀಟರ್ ಎತ್ತರದ ರಾಕೆಟ್, ಬೆಂಕಿಕಡ್ಡಿ ಗೀರಿದ ಹಾಗೆ ಮೌನವಾಗಿ ಮೇಲೇಳುತ್ತಿದೆ. ಬೆಂಕಿಯ ಬಣ್ಣ ಟಿವಿಯಲ್ಲಿ ಕಾಣುವಂಥದ್ದಲ್ಲ, ಕಣ್ಣು ಕಿರಿದು ಮಾಡಿ ನೋಡುವಷ್ಟು ಪ್ರಖರ. ಆಮೇಲೆ ಸದ್ದು ಬಂತು. ಮೊದಲು ಗುಡುಗು, ಆಮೇಲೆ ಸಾವಿರ ಪಟಾಕಿ ಸರ ಒಟ್ಟಿಗೆ ಹಚ್ಚಿದ ಹಾಗೆ ಪಟಪಟ. ಎದೆ ಒಳಗೆ ಬಡಿಯುತ್ತದೆ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಬೆಳಕು ಕಂಡಾಗಿಂದ ಸದ್ದು ಕೇಳುವವರೆಗೆ ಎಣಿಸಿ, ಮೂರರಿಂದ ಭಾಗಿಸಿ, ದೂರ ಕಂಡುಹಿಡಿಯೋಣ ಅಂತ ಮಗಳು ಪುಸ್ತಕ, ಪೆನ್ಸಿಲ್ ಹಿಡಿದು ಕೂತಿದ್ದಳು. ಐದಕ್ಕೋ ಆರಕ್ಕೋ ಬಾಯಿ ತೆರೆದು ನಿಂತವಳು ಎಣಿಸುವುದನ್ನೇ ಮರೆತಳು. ನಾನೂ ಮರೆತೆ.

ಮೊದಲು ಉರಿಯುವುದು ಪಕ್ಕದ ಎರಡು ದಪ್ಪ ಬೂಸ್ಟರ್‌ಗಳು ಮಾತ್ರ. ಒಂದೊಂದರಲ್ಲೂ 200 ಟನ್ನಿನಷ್ಟು ಘನ ಇಂಧನ. ನಡುವಿನ ಎಂಜಿನ್ ಹೊತ್ತಿಕೊಳ್ಳುವುದು ಹಾರುತ್ತಿರುವಾಗಲೇ, ಎರಡು ನಿಮಿಷ ಆಗುವ ಹೊತ್ತಿಗೆ. ಅದಾಗಿ ಕೆಲವೇ ಸೆಕೆಂಡಿಗೆ, ಸುಮಾರು 62 ಕಿಲೋಮೀಟರ್ ಎತ್ತರದಲ್ಲಿ ಬೂಸ್ಟರ್‌ಗಳು ಕಳಚುತ್ತವೆ. ಆಮೇಲೆ ಕಾಣುವುದು ಬಿಳಿ ಹೊಗೆಯ ಗೀಟು. ಗಾಳಿಗೆ ನಿಧಾನಕ್ಕೆ ಸೊಟ್ಟಗಾಗುತ್ತದೆ.

ಆಗಲೇ ಎದ್ದು ಹೊರಡಬೇಡಿ. ಚಂದ್ರಯಾನ-3 ರಾಕೆಟ್ಟಿನಿಂದ ಬೇರ್ಪಟ್ಟದ್ದು ಸುಮಾರು ಹದಿನಾರು ನಿಮಿಷದ ಮೇಲೆ. ಅಲ್ಲಿಯವರೆಗೆ ಪರದೆ ಮೇಲೆ ಒಂದು ಗೆರೆ ಏರುತ್ತಿರುತ್ತದೆ, ಒಂದೊಂದು ಹಂತಕ್ಕೂ ಧ್ವನಿವರ್ಧಕದಲ್ಲಿ 'ಪರ್ಫಾರ್ಮೆನ್ಸ್ ನಾರ್ಮಲ್' ಅನ್ನುತ್ತಾರೆ. ಅರ್ಧ ಜನ ಎದ್ದು ಹೋಗಿದ್ದರು. ಚಪ್ಪಾಳೆ ಉಳಿದವರದ್ದು.

ಸದ್ದಿಗೆ ಮಕ್ಕಳು ಹೆದರುತ್ತಾರಾ?

ದೀಪಾವಳಿ ಪಟಾಕಿಗೆ ಓಡಿಹೋಗುವ ಮಗುವಾದರೆ ಹತ್ತಿ ಇಟ್ಟುಕೊಳ್ಳಿ. ಮೊದಲು ಬೆಳಕು, ಆಮೇಲೆ ಸದ್ದು ಅಂತ ಮುಂಚೆ ಹೇಳಿದ್ದರೆ ಸಾಕು, ಅವರೇ ಕಾಯುತ್ತಾರೆ. ನಮ್ಮಲ್ಲಿ ಹೆದರಿದ್ದು ಯಜಮಾನರು. ಒಪ್ಪಿಕೊಳ್ಳುವುದಿಲ್ಲ.

ಊಟ, ನೀರು, ಬಾತ್‌ರೂಮು?

ಬೆಳಿಗ್ಗೆ ಬೇಗ ಹೋಗಿ ಕೂರಬೇಕಾಗುತ್ತದೆ. ಹುಳಿಯನ್ನ, ಚಪಾತಿ ರೋಲ್, ಬಾಳೆಹಣ್ಣು ನಡೆಯುತ್ತವೆ. ಮೊಸರನ್ನ ಆ ಸೆಕೆಗೆ ಹುಳಿಯಾಗುತ್ತದೆ, ನಮ್ಮದು ಆಯಿತು. ನೀರು ನೀವು ಅಂದುಕೊಂಡದ್ದರ ಎರಡರಷ್ಟು ತನ್ನಿ. ಒಳಗೆ ಏನು ಬಿಡುತ್ತಾರೆ, ಏನು ಬಿಡಲ್ಲ ಅನ್ನುವುದು ಪಾಸಿನ ಜೊತೆ ಬರುವ ಸೂಚನೆಯಲ್ಲಿರುತ್ತದೆ. ಉಡಾವಣೆಗೆ ಮುಕ್ಕಾಲು ಗಂಟೆ ಇರುವಾಗಲೇ ಮಕ್ಕಳನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಿ ಬನ್ನಿ. 'ಈಗ ಬೇಡ' ಅಂದವರು ಕೊನೇ ಹತ್ತು ನಿಮಿಷದಲ್ಲಿ 'ಅರ್ಜೆಂಟ್' ಅಂತಾರೆ.

ಫೋಟೋ ಹೇಗೆ ತೆಗೆಯುವುದು?

ತೆಗೆಯಬೇಡಿ. ನನ್ನ ವಿಡಿಯೋದಲ್ಲಿರುವುದು ಮುಂದಿನ ಸಾಲಿನವರ ಮೊಣಕೈ, ಅದರ ಮೇಲೆ ಒಂದು ಬಿಳಿ ಚುಕ್ಕೆ. ರಾಕೆಟ್ಟಿನ ಚೆಂದದ ಚಿತ್ರ ಇಸ್ರೋದವರೇ ಕೊಡುತ್ತಾರೆ. ತೆಗೆಯುವುದಾದರೆ ಹಿಂದೆ ತಿರುಗಿ ಮಕ್ಕಳ ಮುಖ ತೆಗೆಯಿರಿ. ಹಿಂದಿನ ಸಾಲಿನ ಆ ಕಾಲೇಜು ಹುಡುಗ ತನ್ನ ಫೋನಿನಲ್ಲಿ ಆಕಸ್ಮಿಕವಾಗಿ ನಮ್ಮ ಅತ್ತೆಯನ್ನು ಹಿಡಿದಿದ್ದ. ಕೈ ಮುಗಿದು, ಬಾಯಿ ತೆರೆದು, ಸೆರಗಿನಡಿ ಒಂದು ಬೋಳು ತಲೆ. ಕೇಳಿ ತರಿಸಿಕೊಂಡೆ. ಈಗ ಹಾಲ್‌ನಲ್ಲಿ ಕಟ್ಟು ಹಾಕಿಸಿ ಇಟ್ಟಿದ್ದೇವೆ.

ಹೋದ ಮೇಲೆ ಉಡಾವಣೆ ರದ್ದಾದರೆ?

ಆಗಬಹುದು. ಇದನ್ನು ಮನೆ ಬಿಡುವ ಮೊದಲೇ ಮಕ್ಕಳಿಗೆ ಹೇಳಿ. ಚಂದ್ರಯಾನ-2 ಹೊರಡಬೇಕಿದ್ದದ್ದು 2019ರ ಜುಲೈ 15ರ ನಸುಕಿನ 2 ಗಂಟೆ 51 ನಿಮಿಷಕ್ಕೆ. ಗ್ಯಾಲರಿ ತುಂಬಾ ಜನ, ರಾಷ್ಟ್ರಪತಿಗಳೂ ಬಂದಿದ್ದರು. 56 ನಿಮಿಷ 24 ಸೆಕೆಂಡ್ ಬಾಕಿ ಇರುವಾಗ ಗಡಿಯಾರ ನಿಂತಿತು. ತಾಂತ್ರಿಕ ತೊಂದರೆ. ಅಷ್ಟೂ ಜನ, ಹೆಗಲ ಮೇಲೆ ಮಲಗಿದ ಮಕ್ಕಳನ್ನು ಹೊತ್ತು ಕತ್ತಲಲ್ಲಿ ವಾಪಸ್ ಹೊರಟರು. ಒಂದು ವಾರದ ಮೇಲೆ, ಜುಲೈ 22ರ ಮಧ್ಯಾಹ್ನ 2 ಗಂಟೆ 43ಕ್ಕೆ ಅದು ಹಾರಿತು. ಎಲ್ಲರಿಗೂ ಮತ್ತೆ ಬರಲು ಆಗಿರುತ್ತದಾ?

ಇದಕ್ಕಿಂತ ಮಜಾ, ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನ ಯೋಜನೆಯ ಪರೀಕ್ಷಾ ಹಾರಾಟದ್ದು. 2023ರ ಅಕ್ಟೋಬರ್ 21. ಬೆಳಿಗ್ಗೆ 8ಕ್ಕೆ ಇದ್ದದ್ದು ಹವಾಮಾನದಿಂದ 8.45ಕ್ಕೆ ಹೋಯಿತು. ಕೊನೆಗೆ ಐದೇ ಸೆಕೆಂಡ್ ಬಾಕಿ ಇರುವಾಗ ಕಂಪ್ಯೂಟರ್ ತಾನೇ ನಿಲ್ಲಿಸಿತು. ಮುಗಿಯಿತು ಅಂತ ಎಲ್ಲರೂ ಅಂದುಕೊಂಡರೆ, ದೋಷ ಹುಡುಕಿ ಸರಿಮಾಡಿ 10 ಗಂಟೆಗೆ ಹಾರಿಸಿಯೇಬಿಟ್ಟರು. ಹಾಗಾಗಿ ರದ್ದು ಅಂದ ತಕ್ಷಣ ಬ್ಯಾಗ್ ಎತ್ತಬೇಡಿ.

ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗಿ. ಸೂಳ್ಳೂರುಪೇಟೆಯಲ್ಲಿ ಲಾಡ್ಜುಗಳು ಆ ವಾರ ತುಂಬಿರುತ್ತವೆ. ತಿರುಪತಿಯಲ್ಲಿ ಉಳಿದರೆ ಒಳ್ಳೆಯದು.

ಮಕ್ಕಳ ಕಣ್ಣೆದುರೇ ವಿಫಲವಾದರೆ?

ಎಲ್ಲ ಸೋಲೂ ಸ್ಫೋಟವಾಗಿ ಕಾಣುವುದಿಲ್ಲ. 2025ರ ಮೇ 18ರ ಬೆಳಿಗ್ಗೆ ಪಿಎಸ್‌ಎಲ್‌ವಿ-ಸಿ61 ನೆಲದಿಂದ ಚೆನ್ನಾಗಿಯೇ ಎದ್ದಿತು. ಕೆಟ್ಟದ್ದು ಮೂರನೇ ಹಂತದಲ್ಲಿ, ಕಣ್ಣಿಗೆ ಕಾಣದಷ್ಟು ದೂರದಲ್ಲಿ. ಅಂಥ ದಿನ ಮಕ್ಕಳಿಗೆ ಗೊತ್ತಾಗುವುದು ದೊಡ್ಡವರು ಮಾತು ನಿಲ್ಲಿಸಿದಾಗ.

ಆಗ ಹೇಳಲು ಒಂದು ಕಥೆ ಕಿಸೆಯಲ್ಲಿರಲಿ. 1979ರ ಆಗಸ್ಟ್ 10ರಂದು ಇದೇ ಜಾಗದಿಂದ ಹೊರಟ ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ಮುಖ್ಯಸ್ಥ ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಬಂದು ಉತ್ತರ ಕೊಟ್ಟವರು ಅವರಲ್ಲ, ಇಸ್ರೋ ಅಧ್ಯಕ್ಷ ಸತೀಶ್ ಧವನ್. ಮುಂದಿನ ವರ್ಷ ಜುಲೈ 18ಕ್ಕೆ ಅದೇ ಮಾದರಿಯ ಇನ್ನೊಂದು ರಾಕೆಟ್ ಗೆದ್ದಾಗ ಧವನ್ ಹಿಂದೆ ಸರಿದು, 'ನೀನು ಮಾತಾಡು' ಅಂತ ಕಲಾಂ ಅವರನ್ನು ಮುಂದೆ ಕಳಿಸಿದರು. ಈಗ ಆ ಕೇಂದ್ರಕ್ಕೆ ಧವನ್ ಹೆಸರು.

ಯಾವ ಉಡಾವಣೆ ಐತಿಹಾಸಿಕ ಅಂತ ಮುಂಚೆ ಗೊತ್ತಾಗುತ್ತಾ?

ಇಲ್ಲ. ನನಗಿದು ತುಂಬಾ ತಡವಾಗಿ ಹೊಳೆಯಿತು. ಚಂದ್ರಯಾನ-2 ಹಾರಿದ್ದನ್ನು ನೋಡಿದವರೂ ಇತಿಹಾಸ ನೋಡಿದೆವು ಅಂತಲೇ ಮನೆಗೆ ಹೋಗಿದ್ದರು. ಸೆಪ್ಟೆಂಬರ್ 7ರ ನಸುಕಿನಲ್ಲಿ ಅದರ ಲ್ಯಾಂಡರ್, ಅಂದರೆ ಮೆಲ್ಲಗೆ ಇಳಿಯಬೇಕಿದ್ದ ಭಾಗ, ಚಂದ್ರನ ಮೇಲೆ ಅಪ್ಪಳಿಸಿತು. ನಾವು ಜುಲೈ 14ಕ್ಕೆ ಮನೆಗೆ ಹೊರಟಾಗ ನಮ್ಮದೂ ಅದೇ ಸ್ಥಿತಿ. ಗೆಲ್ಲುತ್ತೋ ಇಲ್ಲವೋ ಯಾರಿಗೆ ಗೊತ್ತಿತ್ತು?

ನಲವತ್ತು ದಿನ ಕಾದೆವು. ಮಗಳು ಕ್ಯಾಲೆಂಡರಿನಲ್ಲಿ ದಿನಾ ಒಂದು ಗೀಟು ಹಾಕಿದಳು. ಆಗಸ್ಟ್ 23, ಬುಧವಾರ ಸಂಜೆ ನಮ್ಮ ಮನೆ ಟಿವಿ ಮುಂದೆ ಬೀದಿಯ ಅರ್ಧ ಮಕ್ಕಳು. ನೌಕೆಯನ್ನು ಇಳಿಸುತ್ತಿದ್ದದ್ದು ಬೆಂಗಳೂರಿನ ಪೀಣ್ಯದ ಕಡೆಯಿಂದ, ಇಸ್ಟ್ರಾಕ್ ನಿಯಂತ್ರಣ ಕೇಂದ್ರದಿಂದ. ಮಗನಿಗೆ ಮತ್ತೆ ಟಾಯ್ಲೆಟ್ ನೆನಪು. 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಇಳಿಯಿತು. ಎಲ್ಲರೂ ಕುಣಿದರು. ಮಗಳು ಮಾತ್ರ ಕೂತಲ್ಲೇ ಕೂತು ಪಕ್ಕದ ಮನೆ ಹುಡುಗಿಗೆ ಹೇಳುತ್ತಿದ್ದಳು, 'ಅದು ಹೊರಟಾಗ ನಾನು ಅಲ್ಲೇ ಇದ್ದೆ. ಬಿಸಿಲು ಇತ್ತು.'

ಹಾಗಾಗಿ ದೊಡ್ಡ ಹೆಸರಿನ ಉಡಾವಣೆಗೇ ಕಾಯಬೇಡಿ. ಚಿಕ್ಕ ಪಿಎಸ್‌ಎಲ್‌ವಿ ಆದರೂ ಬೆಂಕಿ ಬೆಂಕಿಯೇ. ಜಾಗವೂ ಸುಲಭಕ್ಕೆ ಸಿಗುತ್ತದೆ. ರಾತ್ರಿಯದ್ದು ಸಿಕ್ಕರಂತೂ ಬಿಡಲೇಬೇಡಿ.

ನೋಂದಣಿ ಸಿಗದಿದ್ದರೆ ಹೋಗುವುದು ದಂಡವಾ?

ಅಲ್ಲ. ಸೂಳ್ಳೂರುಪೇಟೆ ಕಡೆ ಸರೋವರದ ದಂಡೆಯಲ್ಲಿ, ಮನೆಗಳ ತಾರಸಿ ಮೇಲೆ ಜನ ನಿಂತು ನೋಡುತ್ತಾರೆ. ಪರದೆ ಇರುವುದಿಲ್ಲ, ಸದ್ದು ಕಮ್ಮಿ, ಆದರೆ ಆಕಾಶ ಅದೇ. ಪೊಲೀಸರು ನಿಲ್ಲಬೇಡಿ ಅಂದ ಕಡೆ ನಿಲ್ಲಬೇಡಿ, ಅಷ್ಟೇ.

ಶಾಲೆಗೆ ಏನಂತ ರಜಾ ಚೀಟಿ ಬರೆಯುವುದು?

ನಿಜ ಬರೆಯಿರಿ. ನಾನು ಜ್ವರ ಅಂತ ಬರೆದೆ. ಸೋಮವಾರ ಮಗ ಬೋಳು ತಲೆಯಲ್ಲಿ ಹೋಗಿ ಇಡೀ ಕ್ಲಾಸಿಗೆ ರಾಕೆಟ್ ಕಥೆ ಹೇಳಿದ.

ವಾಪಸ್ ಬರುವಾಗ ಏನು ಗಮನದಲ್ಲಿಡಬೇಕು?

ದ್ವೀಪದಿಂದ ಸೂಳ್ಳೂರುಪೇಟೆಗೆ ಎಲ್ಲರೂ ಬರುವುದು ಅದೊಂದೇ ರಸ್ತೆಯಲ್ಲಿ, ಅದೂ ಒಟ್ಟಿಗೆ. ಅರ್ಧ ಗಂಟೆ ತಡವಾಗಿ ಹೊರಡಿ. ಗ್ಯಾಲರಿ ಹತ್ತಿರವೇ ರಾಕೆಟ್ ಮಾದರಿಗಳ ಉದ್ಯಾನ, ವಸ್ತುಸಂಗ್ರಹಾಲಯ ಇವೆ, ತೆರೆದಿದ್ದರೆ ಅಲ್ಲಿ ಸುತ್ತಿ. ನಾವು ಬುದ್ಧಿವಂತರ ಹಾಗೆ ಬೇಗ ಹೊರಟು ಸರೋವರದ ನಡುವೆ ಸಿಕ್ಕಿಕೊಂಡೆವು. ಮುಂದೆ ಬಸ್ಸು, ಹಿಂದೆ ಬಸ್ಸು. ಎರಡೂ ಕಡೆ ನೀರು, ಕೆಸರು. ಅತ್ತೆ ಡಬ್ಬಿ ತೆರೆದು ತಿರುಪತಿ ಲಡ್ಡು ಮುರಿದು ಹಂಚಿದರು. ಮಗ ತನ್ನ ಪಾಲು ತಿಂದು, ಅಜ್ಜಿಯ ಪಾಲಿನ ಮೇಲೂ ಕಣ್ಣು ಹಾಕಿ, ಧ್ವನಿವರ್ಧಕದ ದನಿಯಲ್ಲಿ ಘೋಷಿಸಿದ: 'ಲಡ್ಡು ಪರ್ಫಾರ್ಮೆನ್ಸ್ ನಾರ್ಮಲ್.'